ಹನ್ನೊಂದು ದಾಟಿ ಹನ್ನೆರಡು ನಿಮಿಷ

ಹುಡುಗರು ನನಗಿಟ್ಟ ಹೆಸರು ಮದಾಮ್ ಟಾರ್ಚು.
ನಗರಸಭೆಯ ಪೊಲೀಸು, ರಾತ್ರಿ ಪಾಳಿ,
ದಕ್ಷಿಣ ಫ್ರಾನ್ಸಿನಲ್ಲಿ, ಭೂಪಟದ ಮಡಿಕೆಗೆ ಸಿಕ್ಕಿ
ಸವೆದುಹೋಗುವಂಥ ಊರು.
ಜುಲೈ ಒಂದರಿಂದ ಹೊಸ ಆಜ್ಞೆ:
ಹದಿನಾರು ತುಂಬದವರು ಹನ್ನೊಂದರ ಮೇಲೆ
ಒಂಟಿಯಾಗಿ ಬೀದಿಯಲ್ಲಿ ಕಾಣಕೂಡದು.

ಕಾಣಕೂಡದು. ಆ ಪದವನ್ನೇ ನೋಡಿ.

ಮಿಮೋಸಾ ಬ್ಲಾಕಿನ ಏಳನೇ ಮಹಡಿ.
ಹಗಲೆಲ್ಲ ಬಿಸಿಲು ಕುಡಿದ ಗೋಡೆ
ರಾತ್ರಿಯೆಲ್ಲ ಕಾರಿಕೊಳ್ಳುತ್ತದೆ.
ಲಿಫ್ಟು ಈಸ್ಟರಿನಿಂದ ಕೆಟ್ಟಿದೆ.
ಮೂರು ಮಂಚ, ಆರು ಜನ, ಒಂದು ಫ್ಯಾನು.
ಅಲ್ಲಿಂದ ಇಳಿದು ಬಂದ ನಸುರ್ದೀನ್,
ಹದಿನಾಲ್ಕು ವರ್ಷ, ಸವೆದ ರಬ್ಬರ್ ಚಪ್ಪಲಿ,
ನಲ್ಲಿಯ ಪಕ್ಕದ ಕಲ್ಲುಬೆಂಚಿಗೆ
ಬರಿಬೆನ್ನು ಒತ್ತಿ ಮಲಗಿದ್ದ.
ಹನ್ನೊಂದು ದಾಟಿ ಹನ್ನೆರಡು ನಿಮಿಷ.
ಟಾರ್ಚು ಬಿಟ್ಟೆ.
"ಏನು ಮಾಡ್ತಿದ್ದೀಯ?"
"ತಣ್ಣಗಾಗ್ತಿದ್ದೀನಿ, ಮದಾಮ್."
ನಮೂನೆಯಲ್ಲಿ 'ಕಾರಣ' ಅಂತ ಒಂದು ಕಾಲಂ ಇದೆ,
ಎರಡು ಬೆರಳಗಲ.
ಬರೆದೆ: ಕಾರಣವಿಲ್ಲ.

ಗುಡ್ಡದ ಆ ಮಗ್ಗುಲಲ್ಲಿ, ಬೇಲಿಯಾಚೆ
ಈಜುಕೊಳಕ್ಕೆ ಧುಮುಕುವ ಸದ್ದು.
ಅದೇ ವಯಸ್ಸು, ಅದೇ ಹೊತ್ತು,
ಬಾಟಲಿ ಒಡೆದ ನಗು ಕೂಡ.
ಅದು ಬೀದಿಯಲ್ಲ, ತೋಟ.
ನನ್ನ ಟಾರ್ಚಿಗೂ ಬೇಲಿಯವರೆಗಷ್ಟೇ ದೃಷ್ಟಿ.

ಇಷ್ಟಕ್ಕೂ ಎಲ್ಲ ಶುರುವಾದದ್ದು
ಔಷಧಿ ಅಂಗಡಿಯ ಗಾಜು ಒಡೆದಾಗ.
ಹುಡುಗರೇ, ಅಂದಿತ್ತು ಊರು.
ಒಡೆದವನು ಸಿಕ್ಕಿದ್ದು ಆಜ್ಞೆ ಅಂಟಿಸಿದ ಮೂರನೇ ವಾರ:
ನಲವತ್ತೊಂದು ವರ್ಷ, ಹೆಂಚು ಹೊದಿಸುವವನು,
ಬೆನ್ನುನೋವಿನ ಮಾತ್ರೆಗೆ ದಾಸ.
ಒಡೆದದ್ದು ಮಧ್ಯಾಹ್ನ ಎರಡಕ್ಕೆ,
ಅಂಗಡಿ ಮುಚ್ಚಿ ಊರೆಲ್ಲ ಉಂಡು ತೂಕಡಿಸುವಾಗ.
ಎತ್ತಿಗೆ ಜ್ವರ;
ಬರೆ ಎಮ್ಮೆಗೂ ಅಲ್ಲ, ಅದರ ಕರುವಿಗೆ.
ಆಜ್ಞೆಯನ್ನು ಮಾತ್ರ ಯಾರೂ ಕೀಳಲಿಲ್ಲ.
ಅಂಟು ಒಳ್ಳೆಯದಿತ್ತು.

ಆದರೂ ಪೂರ್ತಿ ನಗಲಾರೆ.
ನಸುರ್ದೀನನ ತಾಯಿ ಅಂಜಿಜಾ,
ರಾತ್ರಿಯಿಡೀ ಆಸ್ಪತ್ರೆಯ ನೆಲ ಒರೆಸುವವಳು,
ಆಜ್ಞೆ ಬೇಕೆಂದು ಮೊದಲ ಪುಟದಲ್ಲೇ ಸಹಿ ಹಾಕಿದವಳು.
ದೊಡ್ಡ ಮಗ, ಇದೇ ಮೆಟ್ಟಿಲ ಕೆಳಗೆ
ಯಾರದೋ ಸರಕಿಗೆ ಕಾವಲು ನಿಂತವನು,
ಈಗ ಜೈಲಿನ ಭೇಟಿಕೋಣೆಯಲ್ಲಿ, ತಿಂಗಳಿಗೆರಡು ಸಲ,
ಅಮ್ಮನ ಕೈ ಹಿಡಿದು ಸುಮ್ಮನೆ ಕೂರುತ್ತಾನೆ.
"ನಾನಿಲ್ಲದ ಹೊತ್ತಲ್ಲಿ ಇವನಿಗೆ ಯಾರಾದರೂ
ಸಾಕು, ಮೇಲೆ ಹೋಗು ಅನ್ನಬೇಕು, ಮದಾಮ್.
ನೀವಾದರೂ ಅನ್ನಿ."

ಅಂದೆ.
ಆಗಸ್ಟಿನ ಒಂದು ರಾತ್ರಿ ಬೆಂಚಿನಿಂದೆಬ್ಬಿಸಿ
ಏಳು ಮಹಡಿ ಜೊತೆಗೇ ಹತ್ತಿದೆ, ಮಂಡಿ ಹಿಡಿದುಕೊಂಡು.
ಕೆಳಗಿಳಿಯುವಷ್ಟರಲ್ಲಿ
ಸಿ ದ್ವಾರದಲ್ಲಿ ಮೂರು ಗುಂಡು.
ಸತ್ತವನಿಗೆ ಹತ್ತೊಂಬತ್ತು. ಆಜ್ಞೆಗೆ ಸಂಬಂಧಪಡದ ವಯಸ್ಸು.
ಮರುದಿನ ಠಾಣೆಗೆ ಒಂದು ತಟ್ಟೆ ಸಂಬೂಸಾ ಬಂತು,
ಇನ್ನೂ ಬಿಸಿ, ಮೇಲೆ ಹೂವಿನ ಬಟ್ಟೆ ಮುಚ್ಚಿ.
ಅದನ್ನು ಯಾವ ಕಾಲಂನಲ್ಲಿ ತುಂಬಲಿ?
ನಡೆದದ್ದಕ್ಕೆ ನಮೂನೆಯಿದೆ,
ನಡೆಯದ್ದಕ್ಕೆ ಇಲ್ಲ.
ತಿನ್ನುತ್ತಾ ತಿನ್ನುತ್ತಾ ನೆನಪಾಯಿತು:
ಬೆಂಚು ಇರುವುದು ಎ ದ್ವಾರದ ಕಡೆ.
ಆ ಹುಡುಗ ಸಿ ಕಡೆ ಹೋದದ್ದನ್ನು
ನಾನು ಒಮ್ಮೆಯೂ ಕಂಡಿಲ್ಲ.
ಆದರೂ ತಟ್ಟೆ ಖಾಲಿ ಮಾಡಿದೆ.

ಸೆಪ್ಟೆಂಬರಿಗೆ ಮೇಯರರ ಕಚೇರಿ ಲೆಕ್ಕ ಕೇಳಿತು.
ರಾತ್ರಿಯ ದೂರುಗಳು ಒಂಬತ್ತು ಕಡಿಮೆ.
ಸಂಜೆಯವು ಒಂಬತ್ತು ಜಾಸ್ತಿ.
ಎರಡನ್ನೂ ಬರೆದು ಕಳಿಸಿದೆ.
ಪತ್ರಿಕೆಯಲ್ಲಿ ಮೊದಲ ಸಾಲು ಅಚ್ಚಾಗಿತ್ತು.

ನಿನ್ನೆ ಪಾಳಿ ಮುಗಿದ ಮೇಲೆ
ಷೂ ಬಿಚ್ಚಿ ಆ ಬೆಂಚಿನ ಮೇಲೆ ಕಾಲು ಚಾಚಿದೆ.
ಏಳನೇ ಮಹಡಿಯ ಕಿಟಕಿಯಲ್ಲಿ
ಯಾರೋ ಒಂದು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.
ಕಲ್ಲು ನಿಜಕ್ಕೂ ತಣ್ಣಗಿತ್ತು.
ನನಗೆ ಐವತ್ತಮೂರು.
ಬೆಳಕು ಹರಿಯುವ ತನಕ ಮಲಗಿದ್ದೆ;
ಯಾರೂ ಕಾರಣ ಕೇಳಲಿಲ್ಲ.